ಪದಚರ್ಚೆ: ‘ಸಮನ್ವಯ ಶಿಕ್ಷಣ’ದಲ್ಲಿ ಯಾರು ಯಾರಿಗೆ ಹೊಂದಿಕೊಳ್ಳಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಸರ್ಕಾರಿ ಶಾಲೆಯಲ್ಲಿ ಅಂಗವಿಕಲ ಮಕ್ಕಳಿಗೆ ಏನೇನು ನೆರವು ಸಿಗುತ್ತದೆ ಎಂದು ಅಪ್ಪ ಅಮ್ಮಂದಿರಿಗೆ ತಿಳಿಸುವ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ಒಂದೇ ಹಾಳೆ, ಎರಡೂ ಬದಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗಳಲ್ಲಿ, ಅಂಗನವಾಡಿಗಳಲ್ಲಿ ಹಂಚುವುದಕ್ಕೆ. ನಿಯಮಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವನ್ನು ಹೇಳುವ ಪದಗಳೇ ಕೈಗೆ ಸಿಗುತ್ತಿಲ್ಲ.

ಮೊದಲನೆಯದು ‘ಸಮನ್ವಯ ಶಿಕ್ಷಣ’, ಅಂದರೆ ಅಂಗವಿಕಲ ಮಕ್ಕಳೂ ಉಳಿದ ಮಕ್ಕಳ ಜೊತೆ ಮಾಮೂಲಿ ಶಾಲೆಯಲ್ಲೇ ಕಲಿಯುವುದು, ಇಂಗ್ಲಿಷಿನ ‘ಇನ್ಕ್ಲೂಸಿವ್ ಎಜುಕೇಷನ್’. ಇಲಾಖೆಯ ಕಾಗದಗಳಲ್ಲಿ, ಶಿಕ್ಷಕರ ತರಬೇತಿಯ ಡಿ.ಇಡಿ. ಪುಸ್ತಕಗಳಲ್ಲಿ ಎಲ್ಲ ಇದೇ ಪದ. ಇದರ ಹಿಂದೆ ಒಂದು ಕತೆಯಿದೆ. ಅಂಗವಿಕಲ ಮಕ್ಕಳನ್ನು ಮಾಮೂಲಿ ಶಾಲೆಗೆ ಸೇರಿಸುವ ಕೇಂದ್ರದ ಯೋಜನೆ 1974ರಲ್ಲಿ ಶುರುವಾಯಿತು. ಆಗಿನ ಲೆಕ್ಕಾಚಾರ ಸರಳ: ಶಾಲೆ ಇರುವ ಹಾಗೆಯೇ ಇರುತ್ತದೆ, ಮಗುವಿಗೆ ಒಂದಿಷ್ಟು ಸಹಾಯ ಕೊಟ್ಟು ಅದಕ್ಕೆ ಹೊಂದಿಸಬೇಕು. ಹೊಂದದಿದ್ದರೆ ವಿಶೇಷ ಶಾಲೆ ಇದ್ದೇ ಇದೆ. ಇದಕ್ಕೆ ‘ಸಮನ್ವಯ’ ಎಂದರೆ ಒಪ್ಪಬಹುದು. ಆದರೆ 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ ಯುನೆಸ್ಕೊ ಸಮ್ಮೇಳನ ನಡೆದ ಮೇಲೆ ಮಾತೇ ತಿರುಗಿತು. ಬದಲಾಗಬೇಕಾದ್ದು ಶಾಲೆ ಎಂದರು. ಹಿಂದಿಯವರು ಹಳೆಯದಕ್ಕೆ ‘ಸಮೇಕಿತ’, ಹೊಸದಕ್ಕೆ ‘ಸಮಾವೇಶಿ’ ಎಂದು ಬೇರೆ ಬೇರೆ ಪದ ಇಟ್ಟುಕೊಂಡರು. ನಾವು ಹಳೆಯ ಪದವನ್ನೇ ಹೊಸದಕ್ಕೂ ದಾಟಿಸಿಬಿಟ್ಟೆವು.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಶಿಕ್ಷಣಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಎರಡು ಮಾತಿದೆ. ಒಂದು, ಅಂಗವಿಕಲತೆ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಜೊತೆಗೆ ಕಲಿಯಬೇಕು. ಎರಡು, ಕಲಿಸುವ ಕಲಿಯುವ ಕ್ರಮವನ್ನು ಆ ಮಕ್ಕಳ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ‘ಸಮನ್ವಯ’ದಲ್ಲಿ ಈ ಎರಡನೆಯದು ಎಲ್ಲಿದೆ? ಒಂದು ಉದಾಹರಣೆ ನೋಡಿ. ಕಿವಿ ಮಂದವಿರುವ ಹುಡುಗಿ ಮೇಷ್ಟ್ರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಾ ಪಾಠ ಹೇಳಿದರೆ ಅವಳಿಗೆ ಕಾಣುವುದು ಅವರ ಬೆನ್ನು ಮಾತ್ರ. ಬರೆದು, ತಿರುಗಿ, ಆಮೇಲೆ ಮಾತಾಡಿದರೆ ಸಾಕು. ಒಂದು ರೂಪಾಯಿ ಖರ್ಚಿಲ್ಲ. ಮೇಷ್ಟ್ರು ಹೀಗೆ ತಿರುಗುವುದಕ್ಕೆ ನನಗೆ ಹೆಸರು ಬೇಕು.

ಇನ್ನೊಂದು ತೊಡಕು. ಬಿ.ಆರ್.ಸಿ. ಕಚೇರಿಯ, ಅಂದರೆ ಬ್ಲಾಕ್ ಮಟ್ಟದ ಶಿಕ್ಷಣ ಸಂಪನ್ಮೂಲ ಕೇಂದ್ರದ, ಮುಖ್ಯಸ್ಥರನ್ನು ‘ಕ್ಷೇತ್ರ ಸಮನ್ವಯಾಧಿಕಾರಿ’ ಎನ್ನುತ್ತೇವೆ. ಅಲ್ಲಿ ಸಮನ್ವಯ ಎಂದರೆ ಎಲ್ಲ ಕೆಲಸಗಳನ್ನು ಕೂಡಿಸಿ ನಡೆಸುವುದು. ಈ ಮಕ್ಕಳಿಗೆಂದು ಇರುವ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು, ಕೂರುವುದೂ ಅದೇ ಕಚೇರಿಯಲ್ಲಿ. ಹಾಗಾಗಿ ‘ಸಮನ್ವಯ ಶಿಕ್ಷಣ’ ಎಂದರೆ ಸಮನ್ವಯಾಧಿಕಾರಿ ಕೊಡುವ ಶಿಕ್ಷಣ ಎಂದುಕೊಂಡವರನ್ನು ನಾನೇ ಕಂಡಿದ್ದೇನೆ. ತಪ್ಪು ಅವರದಲ್ಲ.

ಬದಲಿಗೆ ಏನು? ‘ಸಮಾವೇಶಿ’ ಕನ್ನಡದಲ್ಲಿ ನಡೆಯುವುದಿಲ್ಲ. ಸಮಾವೇಶ ಎಂದರೆ ನಮಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕಾರ್ಯಕರ್ತರು. ‘ಒಳಗೊಳ್ಳುವ ಶಿಕ್ಷಣ’ವನ್ನು ಕೆಲವರು ಬಳಸುತ್ತಾರೆ, ಅರ್ಥವೂ ಹತ್ತಿರ. ಆದರೆ ‘ಈ ಸಂಕಲನ ಹತ್ತು ಕತೆಗಳನ್ನು ಒಳಗೊಂಡಿದೆ’ ಎನ್ನುವ ಧಾಟಿ ಅದಕ್ಕೆ ಅಂಟಿಕೊಂಡಿದೆ. ಬಾಯಿಮಾತಿನಲ್ಲಿ ಯಾರೂ ಅನ್ನುವುದಿಲ್ಲ. ನನಗೆ ತೋಚಿದ್ದು ‘ಕೂಡುಕಲಿಕೆ’. ಕೂಡುಕುಟುಂಬ, ಕೂಡುರಸ್ತೆ ಇರುವ ಹಾಗೆ. ಇದು ಮೊದಲ ಮಾತನ್ನು ಹೇಳುತ್ತದೆ, ಎರಡನೆಯದನ್ನು ಹೇಳುವುದಿಲ್ಲ. ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವುದು ಎಂದು ಯಾರಾದರೂ ತಿಳಿದರೆ ಅನ್ನುವ ಅಳುಕೂ ಇದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಎರಡನೆಯದು ‘ಗೃಹಾಧಾರಿತ ಶಿಕ್ಷಣ’. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಗುವಿಗೆ ಮನೆಯಲ್ಲೇ ಕಲಿಸುವುದು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ ಬಂದ ಹಕ್ಕು ಇದು. ಹೆಸರು ಕೇಳಿದ ಒಬ್ಬ ತಂದೆ ನನ್ನನ್ನು ಕೇಳಿದ್ದು: ‘ಇದಕ್ಕೂ ಆಧಾರ್ ಲಿಂಕ್ ಮಾಡಿಸ್ಬೇಕಾ? ಮನೆ ನಮ್ಮ ಹೆಸರಲ್ಲಿ ಇಲ್ಲ.’ ಗೃಹಲಕ್ಷ್ಮಿ, ಗೃಹಜ್ಯೋತಿಗಳ ನಡುವೆ ‘ಗೃಹ’, ‘ಆಧಾರ’ ಎರಡೂ ಒಟ್ಟಿಗೆ ಬಂದರೆ ಇನ್ನೇನು ತಿಳಿಯಬೇಕು ಹೇಳಿ! ಇದಕ್ಕೆ ‘ಮನೆಪಾಠ’ ಎನ್ನೋಣವೆಂದರೆ ಅದು ಟ್ಯೂಷನ್ ಆಗಿ ಕೂತಿದೆ.

ಅದಕ್ಕಿಂತ ದೊಡ್ಡ ಸಮಸ್ಯೆ ‘ಶಿಕ್ಷಣ’ ಎನ್ನುವುದರಲ್ಲೇ ಇದೆ. ಒಂದು ಮನೆಯ ಜಗಲಿಯಲ್ಲಿ ಕಂಡದ್ದು. ಟೀಚರ್ ಒಂದು ತಟ್ಟೆಯಲ್ಲಿ ಕಡಲೆಬೀಜ, ಅವರೆಕಾಳು ಬೆರೆಸಿ ಇಟ್ಟಿದ್ದರು. ಹುಡುಗ ಒಂದೊಂದೇ ಹೆಕ್ಕಿ ಎರಡು ಲೋಟಕ್ಕೆ ಹಾಕಬೇಕು. ಬೆರಳು ಅವನ ಮಾತು ಕೇಳುತ್ತಿರಲಿಲ್ಲ. ಕಾಳು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದ. ಅದು ಮುಗಿದ ಮೇಲೆ ಅಂಗಿಯ ಗುಂಡಿ ಹಾಕುವ ಅಭ್ಯಾಸ. ತಾಯಿ ಕಾಫಿ ತಂದುಕೊಟ್ಟು ಮೆಲ್ಲಗೆ ಕೇಳಿದರು, ‘ಪಾಠ ಯಾವಾಗ ಶುರು ಮಾಡ್ತೀರಿ ಮೇಡಂ?’ ಟೀಚರಿಗೆ ಅದೇ ಪಾಠ. ಅಮ್ಮನಿಗೆ ಪಾಠ ಎಂದರೆ ಸ್ಲೇಟು, ಅ ಆ ಇ ಈ. ಕಾಗದದ ಮೇಲೆ ‘ಶಿಕ್ಷಣ’ ಎಂದು ಬರೆದುಕೊಟ್ಟರೆ ಆಕೆ ಅದನ್ನೇ ನಿರೀಕ್ಷಿಸುವುದು ಸಹಜ ಅಲ್ವಾ? ಹಾಗಾಗಿ ಪದಕ್ಕೆ ಕೈ ಹಾಕದೆ ವಾಕ್ಯವನ್ನೇ ಬರೆದಿದ್ದೇನೆ: ‘ಟೀಚರ್ ನಿಮ್ಮ ಮನೆಗೇ ಬರುತ್ತಾರೆ. ಮಗುವಿಗೆ ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಸಾಧ್ಯವಾದರೆ ಅಕ್ಷರವನ್ನೂ ಕಲಿಸುತ್ತಾರೆ.’ ತಲೆಬರಹಕ್ಕೆ ಮಾತ್ರ ಚಿಕ್ಕ ಪದ ಬೇಕೇ ಬೇಕು.

ಮೂರನೆಯದು ‘ನಿರ್ದಿಷ್ಟ ಕಲಿಕಾ ನ್ಯೂನತೆ’. 1995ರ ಕಾಯ್ದೆಯಲ್ಲಿದ್ದದ್ದು 7 ಬಗೆಯ ಅಂಗವಿಕಲತೆ, 2016ರದ್ದರಲ್ಲಿ 21. ಇದು ಹೊಸದಾಗಿ ಸೇರಿದವುಗಳಲ್ಲಿ ಒಂದು. ಮಗು ಚೂಟಿಯಾಗಿರುತ್ತದೆ, ಬಾಯಿಲೆಕ್ಕ ಪಟಪಟ ಹೇಳುತ್ತದೆ, ಓದು ಎಂದರೆ ಮಾತ್ರ ಅಕ್ಷರ ಕೈಕೊಡುತ್ತದೆ. ‘ನ್ಯೂನತೆ’ ಎಂದಕೂಡಲೇ ಮನೆಯವರ ಮುಖ ಇಳಿಯುತ್ತದೆ. ‘ಓದು ಬರಹದ ತೊಡಕು’ ಎಂದು ಬರೆದಿದ್ದೇನೆ. ಇದರ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ಆಕ್ಷೇಪ ಇದ್ದರೆ ಹೇಳಿ.

ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಇವುಗಳ ಜಗಳ ಇಲ್ಲಿ ಬೇಡ, ದಯವಿಟ್ಟು. ಇಲಾಖೆಯ ಹೆಸರು ಇರುವ ಹಾಗೆ ಇರುತ್ತದೆ. ಉಳಿದ ಕಡೆ ‘ಕಣ್ಣು ಕಾಣದ ಮಗು’, ‘ನಡೆಯಲು ಕಷ್ಟವಿರುವ ಮಗು’ ಎಂದು ನೇರವಾಗಿಯೇ ಬರೆಯುತ್ತಿದ್ದೇನೆ.

ಕೊನೆಯದು ‘ಬೆಂಗಾವಲು ಭತ್ಯೆ’. ಒಬ್ಬರೇ ಬರಲಾಗದ ಮಗುವನ್ನು ದಿನಾ ಶಾಲೆಗೆ ಕರೆತರುವವರಿಗೆ ಕೊಡುವ ಹಣ. ಬೆಂಗಾವಲು ಎಂದರೆ ಈಗ ಮಂತ್ರಿಗಳ ಕಾರಿನ ಹಿಂದಿನ ಪೊಲೀಸ್ ಜೀಪು. ಅಜ್ಜಿಯರು ನಕ್ಕುಬಿಡುತ್ತಾರೆ. ಆದರೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಬೆನ್ನು, ಕಾವಲು ಎರಡೂ ಅಚ್ಚಕನ್ನಡ. ಸೇರುವಾಗ ಕಕಾರ ಗಕಾರವಾಗಿದೆ, ಅಷ್ಟೇ. ಮಗುವನ್ನು ಬೆನ್ನ ಮೇಲೆ ಹೊತ್ತು ತರುವ ಅಜ್ಜಿಗೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿದೆ? ಆದರೆ ಆಕೆಗೆ ಹಣ ಬರುವುದು ಮುಖ್ಯ. ಪದ ಅರ್ಥವಾಗದೆ ಅರ್ಜಿ ಹಾಕದೇ ಉಳಿದರೆ ಏನು ಪ್ರಯೋಜನ? ‘ಕರೆತರುವವರ ಭತ್ಯೆ’ ಎಂದು ಹಾಕಿದರೆ ಅರ್ಥ ಥಟ್ಟನೆ ಹೊಳೆಯುತ್ತದೆ. ಅರ್ಜಿಯಲ್ಲಿರುವ ಪದವೇ ಬೇರೆಯಾದರೆ ಕಚೇರಿಯಲ್ಲಿ ಗೊಂದಲ. ಎರಡನ್ನೂ ಅಕ್ಕಪಕ್ಕ ಹಾಕಲೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ವಿಶೇಷವಾಗಿ ಬರೆಯಿರಿ. ನನಗೆ ಗೊತ್ತಿರುವುದು ಹಳೇ ಮೈಸೂರಿನ ಮಾತು ಮಾತ್ರ. ಮನೆಗೇ ಬಂದು ಕಲಿಸುವುದಕ್ಕೆ ನಿಮ್ಮಲ್ಲಿ ಜನ ಏನಾದರೂ ಹೆಸರು ಇಟ್ಟುಕೊಂಡಿದ್ದಾರಾ? ಶಾಲೆ ಶುರುವಾಗುವ ಮೊದಲು ಅಚ್ಚಿಗೆ ಕೊಡಬೇಕು.