ರಸ್ಟ್ ರಿಮೂವರ್ ಹಾಕಿ ಹಳೇ ಬ್ಲೂಯಿಂಗ್ ತೆಗೆದ ಮೇಲೆ ನಳಿಗೆ ಬೂದು ಬಣ್ಣ, ಹೊಸ ಬಣ್ಣ ಹಿಡಿಯುತ್ತಿಲ್ಲ

ಕಾಫಿತೋಟ:
ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ 12 ಬೋರ್ ಜೋಡುನಳಿಗೆ ಕೋವಿ. ನಮ್ಮ ಮಡಿಕೇರಿ ಕಡೆ ಮಳೆ ಗೊತ್ತಲ್ಲ, ನಳಿಗೆ ಮೇಲೆ ಅಲ್ಲಲ್ಲಿ ತುಕ್ಕು, ಬ್ಲೂಯಿಂಗ್, ಅಂದರೆ ಕಬ್ಬಿಣಕ್ಕೆ ಕೊಟ್ಟಿರುವ ಕಪ್ಪು-ನೀಲಿ ಬಣ್ಣ, ಅರ್ಧಂಬರ್ಧ. ಹಾರ್ಡ್‌ವೇರ್ ಅಂಗಡಿಯ ರಸ್ಟ್ ರಿಮೂವರನ್ನು ಬಟ್ಟೆಗೆ ಹಾಕಿ ಒರೆಸಿದೆ. ತುಕ್ಕಿನ ಜೊತೆ ಬ್ಲೂಯಿಂಗೂ ಪೂರ್ತಿ ಹೋಯಿತು. ನನಗೂ ಅದೇ ಬೇಕಿತ್ತು. ಆದರೆ ಕಬ್ಬಿಣ ಬೆಳ್ಳಗಾಗುವ ಬದಲು ಬೂದಿ ಬಳಿದ ಹಾಗೆ ಮಂಕಾಗಿದೆ. ಕೋಲ್ಡ್ ಬ್ಲೂ (ಬಿಸಿ ಮಾಡದೆ ಹಚ್ಚುವ ಬ್ಲೂಯಿಂಗ್ ದ್ರಾವಣ) ಹಚ್ಚಿದರೆ ಒಂದು ಕಡೆ ಕಪ್ಪು, ಪಕ್ಕದಲ್ಲೇ ಕಂದು, ಮಧ್ಯೆ ಏನೂ ಹಿಡಿಯುತ್ತಿಲ್ಲ. ಕೋಲ್ಡ್ ಬ್ಲೂ ಕೆಟ್ಟಿರಬಹುದಾ? ಇನ್ನೊಮ್ಮೆ ರಿಮೂವರ್ ಹಾಕಲಾ?

ಲೇತ್ ಶೆಡ್:
ಹಾಕಬೇಡಿ. ಮೊದಲು ಬಾಟಲಿಯ ಹಿಂದೆ ಓದಿ. ಫಾಸ್ಫಾರಿಕ್ ಆಸಿಡ್ ಅಂತ ಇದೆಯಾ?

ಕಾಫಿತೋಟ:
ಹೌದು, ಸಣ್ಣ ಅಕ್ಷರದಲ್ಲಿ ಇದೆ.

ಲೇತ್ ಶೆಡ್:
ಹಾಗಾದರೆ ಕೋಲ್ಡ್ ಬ್ಲೂ ತಪ್ಪಲ್ಲ. ಬ್ಲೂಯಿಂಗ್ ಕೂಡ ಒಂದು ಬಗೆಯ ಕಬ್ಬಿಣದ ಆಕ್ಸೈಡೇ, ಮ್ಯಾಗ್ನಟೈಟ್. ಕೆಂಪು ತುಕ್ಕು ಯಾವುದು, ಕಪ್ಪು ಬ್ಲೂಯಿಂಗ್ ಯಾವುದು ಅಂತ ಆಸಿಡ್ ನೋಡುವುದಿಲ್ಲ, ಎರಡನ್ನೂ ಕರಗಿಸುತ್ತದೆ. ಆದರೆ ಫಾಸ್ಫಾರಿಕ್ ಆಸಿಡ್ ಹೋಗುವಾಗ ಕಬ್ಬಿಣದ ಮೇಲೆ ಐರನ್ ಫಾಸ್ಫೇಟಿನ ತೆಳು ಪದರ ಬಿಟ್ಟು ಹೋಗುತ್ತದೆ. ನೀವು ನೋಡುತ್ತಿರುವ ಬೂದು ಬಣ್ಣ ಅದೇ. ಗೇಟಿಗೆ ಪೇಂಟ್ ಹೊಡೆಯುವವರಿಗೆ ಅದು ಒಳ್ಳೆಯದು, ಪೇಂಟ್ ಚೆನ್ನಾಗಿ ಕೂರುತ್ತದೆ. ಬ್ಲೂಯಿಂಗಿಗೆ ಮಾತ್ರ ಶತ್ರು. ಕೋಲ್ಡ್ ಬ್ಲೂ ಒಳಗಿನ ಸೆಲೆನಿಯಂ, ತಾಮ್ರ ಬರೀ ಕಬ್ಬಿಣವನ್ನು ಮುಟ್ಟಬೇಕು. ಪದರ ಇರುವ ಕಡೆ ಮುಟ್ಟಲು ಆಗುವುದಿಲ್ಲ, ಅದಕ್ಕೇ ಚುಕ್ಕೆ ಚುಕ್ಕೆ.

ಪದರವನ್ನು ಉಜ್ಜಿಯೇ ತೆಗೆಯಬೇಕು. 400 ನಂಬರ್ ಉಪ್ಪುಕಾಗದ, ಆಮೇಲೆ 600. ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ, ಸುತ್ತಿಸಬೇಡಿ. ಕಾಗದದ ಹಿಂದೆ ಮರದ ತುಂಡು ಇಟ್ಟುಕೊಳ್ಳಿ, ಬರೀ ಬೆರಳಲ್ಲಿ ಒತ್ತಿದರೆ ಅಲೆ ಅಲೆ ಬರುತ್ತದೆ. ಕೊನೆಗೆ 0000 ನಂಬರಿನ, ಅಂದರೆ ತುಂಬಾ ನಯವಾದ, ಸ್ಟೀಲ್ ವುಲ್. ಅಂಗಡಿಯಿಂದ ಬರುವ ಸ್ಟೀಲ್ ವುಲ್‌ಗೆ ಎಣ್ಣೆ ಸವರಿರುತ್ತದೆ. ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ ಬಳಸಿ, ಇಲ್ಲದಿದ್ದರೆ ಮತ್ತೆ ಅದೇ ಕಥೆ.

ಆಮೇಲೆ ಒಂದು ಪರೀಕ್ಷೆ. ನಳಿಗೆಯ ಮೇಲೆ ಸ್ವಲ್ಪ ನೀರು ಬಿಡಿ. ಒಂದೇ ಹಾಳೆಯಾಗಿ ಹರಡಿದರೆ ಸ್ವಚ್ಛ. ಹನಿ ಹನಿಯಾಗಿ ಒಡೆದರೆ ಎಲ್ಲೋ ಜಿಡ್ಡಿದೆ, ಇನ್ನೊಮ್ಮೆ ಅಸಿಟೋನ್. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ಹಳೇ ಗುಜರಿ:
ಇದಕ್ಕೆಲ್ಲ ಅಡುಗೆ ವಿನೆಗರ್ ಸಾಕಲ್ವಾ ಅಣ್ಣಾ? ಸುಮ್ನೆ ಇಷ್ಟೊಂದು ಉಜ್ಜುವುದು ಯಾಕೆ? ಟಾಯ್ಲೆಟ್ ತೊಳೆಯುವ ಆಸಿಡ್ ಆದರೆ ಇನ್ನೂ ಬೇಗ.

ಲೇತ್ ಶೆಡ್:
ಸಣ್ಣ ಬಿಡಿಭಾಗಕ್ಕೆ ವಿನೆಗರ್ ಒಳ್ಳೆಯದೇ, ಫಾಸ್ಫೇಟ್ ಬಿಡುವುದಿಲ್ಲ. ತೆಗೆದ ಕೂಡಲೇ ಅಡಿಗೆ ಸೋಡಾ ನೀರಲ್ಲಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ನೋಡುತ್ತಿದ್ದ ಹಾಗೇ ಕೆಂಪಾಗುತ್ತದೆ. ಟಾಯ್ಲೆಟ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್. ಕಬ್ಬಿಣವನ್ನೇ ತಿನ್ನುತ್ತದೆ, ಅದರ ಹಬೆಗೆ ಅದೇ ರೂಮಿನ ಸ್ಪ್ಯಾನರ್, ಡ್ರಿಲ್ ಬಿಟ್ ಎಲ್ಲ ತುಕ್ಕು ಹಿಡಿಯುತ್ತವೆ. ಬೇಡ.

ನನ್ನ ಭಯ ಬೇರೆ. ಜೋಡುನಳಿಗೆ ಅಂದಿರಿ. ಎರಡು ನಳಿಗೆ ನಡುವಿನ ರಿಬ್ಬನ್ನು ತವರ-ಸೀಸದ ಬೆಸುಗೆಯಲ್ಲಿ ಕೂರಿಸಿರುತ್ತಾರೆ. ಒಳಗೆ ಟೊಳ್ಳು. ಆಸಿಡ್ ನುಸುಳಿದರೆ ಹೊರಗೆ ಫಳಫಳ, ಒಳಗೆ ತುಕ್ಕು. ಅದ್ದಿಟ್ಟಿದ್ದಿರಾ, ಬರೀ ಒರೆಸಿದ್ದಾ?

ಕಾಫಿತೋಟ:
ಬರೀ ಒರೆಸಿದ್ದು. ಎರಡೂ ತುದಿಗೆ ಮರದ ಬಿರಡೆ ಹಾಕಿದ್ದೆ, ಬೋರ್ (ನಳಿಗೆಯ ತೂತು) ಒಳಗೆ ಹೋಗಿಲ್ಲ.

ಲೇತ್ ಶೆಡ್:
ಒಳ್ಳೆಯದಾಯಿತು. ಆದರೂ ಕುದಿಯುವ ನೀರು ಹೊಯ್ದು ನಳಿಗೆ ಬಿಸಿ ಮಾಡಿ, ಬಾಯಿ ಕೆಳಗೆ ಮಾಡಿ ನೇತುಹಾಕಿ. ರಿಬ್ಬಿನ ತುದಿಯಲ್ಲಿ ಕಂದು ನೀರು ಒಸರಿದರೆ ಗನ್‌ಸ್ಮಿತ್ ಕೈಗೆ ಕೊಡಿ. ಟಾರ್ಚ್, ಹೀಟ್ ಗನ್ ಮಾತ್ರ ಹಿಡಿಯಬೇಡಿ. ಈ ಬೆಸುಗೆಯಲ್ಲಿ ಕೆಲವು 183 ಡಿಗ್ರಿಗೇ ಕರಗುತ್ತವೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸುವ ಹಾಟ್ ಬ್ಲೂಯಿಂಗೂ ಈ ಕೋವಿಗೆ ಆಗದು, ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ. ಬಹಳ ದಿನ ಬಾಳಬೇಕಾದರೆ ರಸ್ಟ್ ಬ್ಲೂಯಿಂಗ್ ಮಾಡಿಸಿ. ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ ಕಪ್ಪು ಮಾಡಿ, ಉಜ್ಜಿ, ಮತ್ತೆ ಅದನ್ನೇ ಮಾಡುವ ತಾಳ್ಮೆಯ ಕೆಲಸ.

ಘಟ್ಟದ ಮೇಲೆ:
ಎರಡು ಮಾತು ಸೇರಿಸುತ್ತೇನೆ. ಉಪ್ಪುಕಾಗದ ಕೋವಿ ಮೇಲೆ ಕೆತ್ತಿದ ನಂಬರ್ ಹತ್ತಿರ ಹೋಗಬಾರದು. ಆರ್ಮ್ಸ್ ಆಕ್ಟ್ 1959ರ 8ನೇ ಸೆಕ್ಷನ್ ಪ್ರಕಾರ ಕೋವಿಯ ಗುರುತಿನ ನಂಬರ್ ಅಳಿಸುವುದು ಅಪರಾಧ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದ್ದರೂ ಅದು ಕೋವಿ ಇಟ್ಟುಕೊಳ್ಳಲು. ರಿಪೇರಿ ಅಂತ ಬಂದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ.
ಇನ್ನು, ಆಕ್ಷನ್ (ನಳಿಗೆಯ ಹಿಂದೆ ಕುದುರೆ ಕೂರುವ ಭಾಗ) ಮೇಲೆ ನೀಲಿ, ಕಂದು, ಒಣಹುಲ್ಲಿನ ಬಣ್ಣ ಕಲಸಿದ್ದು ಕಂಡರೆ ಅದು ಬ್ಲೂಯಿಂಗ್ ಅಲ್ಲ, ಕೇಸ್ ಹಾರ್ಡನಿಂಗ್ (ಕಬ್ಬಿಣದ ಮೇಲ್ಮೈ ಗಟ್ಟಿ ಮಾಡುವ ಕೆಲಸ) ಬಿಟ್ಟ ಬಣ್ಣ. ರಿಮೂವರ್ ತಾಗಿದರೆ ಹೋಯಿತು, ಬಾಟಲಿಯಿಂದ ವಾಪಸ್ ಬರುವುದಿಲ್ಲ.

ಕಾಫಿತೋಟ:
ಉಜ್ಜಿದೆ, ನೀರಿನ ಪರೀಕ್ಷೆ ಪಾಸ್, ರಿಬ್ಬಿನಿಂದ ಏನೂ ಒಸರಲಿಲ್ಲ. ಕೋಲ್ಡ್ ಬ್ಲೂ ಸಮನಾಗಿ ಹಿಡಿಯಿತು. ನಂಬರ್ ಇರುವ ಕಡೆ ಮುಟ್ಟಿಲ್ಲ, ಅಲ್ಲಿ ಬೂದು ಬಣ್ಣ ಹಾಗೇ ಇದೆ, ಇರಲಿ. ಸೆಪ್ಟೆಂಬರ್‌ನಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೋಳ್ದ್, ಪೂಜೆಗೆ ಇಡಬಹುದಲ್ವಾ?

ಲೇತ್ ಶೆಡ್:
ಧಾರಾಳವಾಗಿ ಇಡಿ. ಗಂಧ, ಕುಂಕುಮ ಒದ್ದೆ ಇರುತ್ತದೆ, ತೋಕ್ ಪೂ (ಕೋವಿಗೆ ಸಿಕ್ಕಿಸುವ ಹೂವು) ಸಿಕ್ಕಿಸಿದ ಕಡೆಯೂ ನೀರು ನಿಲ್ಲುತ್ತದೆ. ಪೂಜೆ ಮುಗಿದ ದಿನವೇ ಒರೆಸಿ ಎಣ್ಣೆ ಸವರಿ. ಕೋಲ್ಡ್ ಬ್ಲೂ ತೆಳುವು, ಮಾರನೇ ದಿನಕ್ಕೆ ಬಿಡಬೇಡಿ.