‘ಸಕ್ಕರೆ ಇಲ್ಲದ’ ಬಾರಿನಲ್ಲಿ ಎಷ್ಟು ಸಕ್ಕರೆ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ಗೋಕಾಕದವರು’. ಗೋಕಾಕದಲ್ಲಿ ಈಗ ನಮ್ಮವರು ಯಾರೂ ಉಳಿದಿಲ್ಲ. ಡೊಂಬಿವಲಿ, ಠಾಣೆ, ವಾಶಿ, ಪುಣೆ, ಮಡಗಾಂವ್ ಎಂದು ಎಲ್ಲರೂ ಹಂಚಿಹೋಗಿದ್ದೇವೆ. ಮುಂಬಯಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದ ಅಜ್ಜ, ಕನ್ನಡ ಲಿಪಿಯಲ್ಲಿ ಪೂರ್ಣ ವಾಕ್ಯ ಬರೆಯದವರಿಗೆ ತಾವು ಉತ್ತರಿಸುವುದಿಲ್ಲ ಎಂಬ ಕರಾರಿನ ಮೇಲೆಯೇ ಗುಂಪಿಗೆ ಸೇರಿದವರು. ಆದ್ದರಿಂದ ನಮ್ಮಲ್ಲಿ ಜಗಳವೂ ವ್ಯಾಕರಣ ತಪ್ಪದೆ ನಡೆಯುತ್ತದೆ. ಜುಲೈ ತಿಂಗಳ ಒಂದು ಭಾನುವಾರ ಪುಣೆ ಅಕ್ಕ ಹಾಕಿದ ಚಿತ್ರದಿಂದ ಎದ್ದ ಚರ್ಚೆಯನ್ನು, ನಡುನಡುವೆ ಬಂದ ಶುಭೋದಯದ ಹೂಗಳನ್ನು ತೆಗೆದುಹಾಕಿ, ಇಲ್ಲಿ ಇಟ್ಟಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಇವೆ.

ಪುಣೆ ಅಕ್ಕ, ಬೆಳಿಗ್ಗೆ 8:12
(ಚಿತ್ರ: ಸ್ಟೀಲ್ ತಟ್ಟೆಯಲ್ಲಿ ಕತ್ತರಿಸಿಟ್ಟ ಕಂದು ಬಣ್ಣದ ತುಂಡುಗಳು)
ಎಲ್ಲರಿಗೂ ನಮಸ್ಕಾರ. ಸಿಂಹಗಡ ಹತ್ತುವ ನಮ್ಮ ಗೆಳತಿಯರ ಗುಂಪಿನಲ್ಲಿ ಬಂದ ಈ ವಿಧಾನವನ್ನು ನಾನೇ ಎರಡು ಸಲ ಮಾಡಿ ನೋಡಿ, ರುಚಿ ಖಾತ್ರಿಯಾದ ಮೇಲೆ ಹಂಚುತ್ತಿದ್ದೇನೆ. ಇದು ಸಕ್ಕರೆರಹಿತವಾದ, ಒಲೆ ಹಚ್ಚದೆ ಮಾಡುವ ಪ್ರೋಟೀನ್ ಬಾರ್. ಮಧುಮೇಹ ಇರುವವರೂ ನಿಶ್ಚಿಂತೆಯಿಂದ ತಿನ್ನಬಹುದು. ಬೀಜ ತೆಗೆದ ಖರ್ಜೂರ 250 ಗ್ರಾಂ, ಬಾದಾಮಿ 100 ಗ್ರಾಂ, ಗೋಡಂಬಿ, ಶೇಂಗಾ, ಒಣದ್ರಾಕ್ಷಿ ಮತ್ತು ಒಣ ಕ್ರ್ಯಾನ್‌ಬೆರಿ ತಲಾ 50 ಗ್ರಾಂ, ಕುಂಬಳಬೀಜ ಮತ್ತು ಎಳ್ಳು ತಲಾ 25 ಗ್ರಾಂ ತೆಗೆದುಕೊಳ್ಳಬೇಕು. ಖರ್ಜೂರವನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ ರುಬ್ಬಿ, ಉಳಿದುದನ್ನು ತರಿತರಿಯಾಗಿ ಪುಡಿಮಾಡಿ ಕಲಸಿ, ತಟ್ಟೆಗೆ ಒತ್ತಿ, 2 ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ 20 ತುಂಡುಗಳಾಗುತ್ತವೆ.

ಮಡಗಾಂವ್ ಕಾಕಾ, 8:31
ತಂಗಿ, ನಮ್ಮ ಗೋವೆಯಲ್ಲಿ ಬಾರ್ ಎಂದರೆ ಜನ ಬೇರೆಯೇ ತಿಳಿದುಕೊಳ್ಳುತ್ತಾರೆ, ಅದಿರಲಿ. ನೀನು 15 ದಿನಗಳ ಹಿಂದೆ ಬಂದಾಗ ಇಲ್ಲಿ ಬಿಟ್ಟುಹೋದ ಡಬ್ಬಿಯೂ ಇದರದ್ದೇ ಅಲ್ಲವೇ? ಸಕ್ಕರೆ ಇಲ್ಲವೆಂದು ನೀನು ಹೇಳಿದ ಮಾತನ್ನು ನಂಬಿ ಆ ದಿನ ಸಂಜೆ ಚಹದ ಜೊತೆ 4 ತುಂಡು ತಿಂದೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಯಂತ್ರ ರಕ್ತದ ಸಕ್ಕರೆ 261 ಎಂದು ತೋರಿಸಿತು. ನಿನ್ನ ಕಾಕು ಅಂದಿನಿಂದ ಆ ಡಬ್ಬಿಯನ್ನು ನನ್ನ ಕಣ್ಣಿಗೆ ಬೀಳದಂತೆ ಗೋದಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದಾಳೆ.

ಪುಣೆ ಅಕ್ಕ, 8:40
ಕಾಕಾ, ನಾನು ಒಂದು ಚಮಚ ಸಕ್ಕರೆಯನ್ನೂ ಹಾಕಿಲ್ಲ, ಬೆಲ್ಲವನ್ನೂ ಹಾಕಿಲ್ಲ. ಇರುವ ಸಿಹಿಯೆಲ್ಲ ಹಣ್ಣಿನದು. ಆ ದಿನ ನೀವು ಮಧ್ಯಾಹ್ನ ಏನು ಊಟ ಮಾಡಿದ್ದಿರಿ ಎಂಬುದನ್ನೂ ಗುಂಪಿಗೆ ತಿಳಿಸಿದರೆ ಒಳ್ಳೆಯದು.

ವಾಶಿ ಭಾವ, 8:58
ಅತ್ತಿಗೆಯವರೇ, ಆಹಾರದ ಪೊಟ್ಟಣಗಳ ಮೇಲಿನ ಬರಹವನ್ನು ಪರಿಶೀಲಿಸುವುದೇ ನನ್ನ ಕೆಲಸವಾದ್ದರಿಂದ ಸುಮ್ಮನಿರಲು ಆಗುತ್ತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ‘ಸಕ್ಕರೆರಹಿತ’ ಎಂದು ಬರೆಯಬೇಕಾದರೆ 100 ಗ್ರಾಂ ತಿನಿಸಿನಲ್ಲಿ ಸಕ್ಕರೆ ಅರ್ಧ ಗ್ರಾಮಿಗಿಂತ ಹೆಚ್ಚು ಇರಬಾರದು, ಅದು ಹಣ್ಣಿನಿಂದ ಬಂದಿದ್ದರೂ ಸರಿಯೆ. ನೀವು ಹೇಳಲು ಹೊರಟದ್ದು ‘ಸಕ್ಕರೆ ಸೇರಿಸಿಲ್ಲ’ ಎಂದು. ಈ ಎರಡು ಮಾತುಗಳ ನಡುವೆ ಕಾಕಾ ಅವರ 261 ಇದೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತೂ ನಿಮ್ಮ ಬಾರಿಗೆ ಪೂರ್ತಿ ಸಲ್ಲುವುದಿಲ್ಲ, ಏಕೆಂದರೆ ಕ್ರ್ಯಾನ್‌ಬೆರಿ ಬಹಳ ಹುಳಿಯಾದ ಹಣ್ಣು. ಅದನ್ನು ಸಾಮಾನ್ಯವಾಗಿ ಸಕ್ಕರೆ ಸೇರಿಸಿಯೇ ಒಣಗಿಸುತ್ತಾರೆ. ಮನೆಯಲ್ಲಿರುವ ಪೊಟ್ಟಣವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ.

ಪುಣೆ ಅಕ್ಕ, 9:07
ಓದಿದೆ. ಎರಡನೆಯ ಹೆಸರೇ ಸಕ್ಕರೆ. ಕ್ರ್ಯಾನ್‌ಬೆರಿಯ ಮಟ್ಟಿಗೆ ಒಪ್ಪಿಕೊಳ್ಳುತ್ತೇನೆ. ಆದರೆ ಖರ್ಜೂರದಲ್ಲಿ ನಾರು ಇದೆ, ಪೊಟ್ಯಾಸಿಯಂ ಇದೆ. ಬಾದಾಮಿ, ಶೇಂಗಾದ ಕೊಬ್ಬು ಮತ್ತು ಪ್ರೋಟೀನ್ ಜೊತೆಗೆ ಸೇರಿದಾಗ ಸಿಹಿ ರಕ್ತಕ್ಕೆ ಇಳಿಯುವುದು ನಿಧಾನವಾಗುತ್ತದೆ. ಒಂದು ಲೋಟ ಶರಬತ್ತನ್ನೂ ಈ ಬಾರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ.

ನಾನು, 9:35
ಅಕ್ಕ, ನೀನು ಹೇಳುವುದು ಸುಳ್ಳಲ್ಲ, ಆದರೆ ಲೆಕ್ಕವನ್ನು ಒಮ್ಮೆ ಹಾಕಿಬಿಡೋಣ. ನೀನು ಕೊಟ್ಟ ಸಾಮಾನು ಕೂಡಿಸಿದರೆ 600 ಗ್ರಾಂ ಆಗುತ್ತದೆ. 20 ತುಂಡು ಮಾಡಿದರೆ ಒಂದೊಂದು 30 ಗ್ರಾಂ. ಖರ್ಜೂರದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಸಕ್ಕರೆಯೇ ಇರುತ್ತದೆ, ಒಣದ್ರಾಕ್ಷಿಯೂ ಹೆಚ್ಚುಕಡಿಮೆ ಹಾಗೆಯೇ. ಎಲ್ಲ ಸೇರಿ ಒಂದು ತುಂಡಿನಲ್ಲಿ ಸುಮಾರು 11 ಗ್ರಾಂ ಸಕ್ಕರೆ ಬರುತ್ತದೆ. ಸಮ ಅಳತೆಯ ಒಂದು ಟೀ ಚಮಚಕ್ಕೆ 4 ಗ್ರಾಂ ಎಂದರೆ ಹತ್ತಿರ ಹತ್ತಿರ 3 ಚಮಚ. ಕಾಕಾ ತಿಂದ 4 ತುಂಡುಗಳಲ್ಲಿ 11 ಚಮಚ. ನಿಧಾನವಾಗಿ ಇಳಿದರೂ ಇಳಿಯುವುದು 11 ಚಮಚವೇ. ಇನ್ನು ‘ಪ್ರೋಟೀನ್ ಬಾರ್’ ಎಂಬ ಹೆಸರು: ಒಂದು ತುಂಡಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇದೆ, ಅಂದರೆ ಅರ್ಧ ಮೊಟ್ಟೆಯಷ್ಟು. ಶಕ್ತಿ ಮಾತ್ರ 120 ಕ್ಯಾಲೊರಿಯ ಆಸುಪಾಸು. ಸಿಂಹಗಡದ ಅರ್ಧ ದಾರಿಯಲ್ಲಿ ಕಾಲು ಸೋತಾಗ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಮಡಗಾಂವಿನ ಆರಾಮ ಕುರ್ಚಿಗೆ ಅದೇ ತುಂಡು ಜಾಸ್ತಿಯಾಗುತ್ತದೆ.

ಮಡಗಾಂವ್ ಕಾಕಾ, 9:41
ಕುರ್ಚಿಯ ವಿಷಯವನ್ನು ಇಲ್ಲಿ ಎತ್ತುವ ಅಗತ್ಯವಿರಲಿಲ್ಲ.

ಠಾಣೆ ತಂಗಿ, 10:02
ಅಕ್ಕ, ನಮ್ಮ ಪುಟ್ಟನಿಗೆ ಈಗ 10 ತಿಂಗಳು. ನೆನೆಸಿದ ಖರ್ಜೂರದ ಬದಲು ಜೇನುತುಪ್ಪ ಹಾಕಿ ಮೆತ್ತಗೆ ಮಾಡಿದರೆ ಅವನಿಗೂ ಒಂದು ಚೂರು ಕೊಡಬಹುದೇ?

ವಾಶಿ ಭಾವ, 10:04
ದಯವಿಟ್ಟು ಕೊಡಬೇಡಿ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೂಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತವೆ. ಬಾದಾಮಿ, ಶೇಂಗಾದ ಚೂರುಗಳು ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇನ್ನೂ ಕೆಲವು ವರ್ಷ ಇರುತ್ತದೆ.

ಡೊಂಬಿವಲಿ ಅತ್ತೆ, 11:20
ಪೂಜೆ ಮುಗಿಸಿ ಈಗ ಫೋನ್ ನೋಡಿದೆ. ಸಕ್ಕರೆಯ ಲೆಕ್ಕ ನೀವೇ ನೋಡಿಕೊಳ್ಳಿ. ನನ್ನ ತಕರಾರು ಮಾಡುವ ವಿಧಾನದ ಮೇಲೆ. ಖರ್ಜೂರವನ್ನು ನೀರಿನಲ್ಲಿ ನೆನೆಸಿ ಎಂದು ಬರೆದವರು ಮಳೆಗಾಲದ ಮುಂಬಯಿಯನ್ನು ಕಂಡವರಲ್ಲ. ಹಪ್ಪಳವನ್ನು ಹೊರಗಿಟ್ಟರೆ ಹತ್ತು ನಿಮಿಷಕ್ಕೆ ಬಟ್ಟೆಯಂತೆ ಮಡಚಿಕೊಳ್ಳುವ ಈ ಊರಿನಲ್ಲಿ, ನಾವೇ ಕೈಯಾರೆ ನೀರು ಕುಡಿಸಿದ ಖರ್ಜೂರ ಎಷ್ಟು ದಿನ ನಿಲ್ಲುತ್ತದೆ? ಖರ್ಜೂರ ಕೆಡದಿರುವುದೇ ಅದರಲ್ಲಿ ನೀರು ಕಡಿಮೆ, ಸಿಹಿ ಹೆಚ್ಚು ಇರುವುದರಿಂದ. ನೆನೆಸಿದ ಮೇಲೆ ಆ ಕಾವಲು ಹೋಯಿತು.

ನಾನು ಮಾಡುವುದು ಹೀಗೆ. ಒಂದೊಂದೇ ಖರ್ಜೂರವನ್ನು ಹೆಬ್ಬೆರಳಿನಿಂದ ಸೀಳಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತೇನೆ. ಮೇಲೆ ಹೊಳೆಯುವ ಹಣ್ಣಿನೊಳಗೆ ಕೆಲವೊಮ್ಮೆ ಕಪ್ಪು ಪುಡಿಯೂ ಹುಳವೂ ಇರುತ್ತವೆ, ಇಡಿಯಾಗಿ ಮಿಕ್ಸರಿಗೆ ಸುರಿಯುವವರಿಗೆ ಅದು ಕಾಣಿಸುವುದಿಲ್ಲ. ದಪ್ಪ ತಳದ ಬಾಣಲೆಗೆ ಎರಡು ಚಮಚ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ ಖರ್ಜೂರವನ್ನು ಸೌಟಿನ ಬೆನ್ನಿನಿಂದ ಹಿಸುಕುತ್ತಾ ಹೋದರೆ ಐದಾರು ನಿಮಿಷದಲ್ಲಿ ಅದು ತಳ ಬಿಟ್ಟು ಒಂದೇ ಮುದ್ದೆಯಾಗಿ ಸೌಟಿನ ಹಿಂದೆ ತಿರುಗುತ್ತದೆ. ಅದಕ್ಕೂ ಮೊದಲು ಬಾದಾಮಿ, ಶೇಂಗಾ, ಕುಂಬಳಬೀಜ, ಎಳ್ಳು ಇವನ್ನು ಬೇರೆಬೇರೆಯಾಗಿ ಹುರಿದಿಟ್ಟಿರಬೇಕು, ಏಕೆಂದರೆ ಬಾದಾಮಿ ಕಾಯುವಷ್ಟರಲ್ಲಿ ಎಳ್ಳು ಸುಟ್ಟು ಕಹಿಯಾಗಿರುತ್ತದೆ. ಕುಂಬಳಬೀಜ ಚಟಚಟ ಎಂದು ಹೊಟ್ಟೆ ಉಬ್ಬಿಸಿಕೊಂಡರೆ ಸಾಕು. ಹುರಿದದ್ದು ಪೂರ್ತಿ ಆರಿದ ಮೇಲೆಯೇ ಬೆರೆಸುವುದು. ಬಿಸಿಯಿರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರುತ್ತದೆ. ಆಮೇಲೆ ತುಪ್ಪ ಸವರಿದ ತಟ್ಟೆಗೆ ಹಾಕಿ, ಬಟ್ಟಲಿನ ತಳದಿಂದ ಮೈಭಾರ ಕೊಟ್ಟು ಒತ್ತಬೇಕು. ಚಿತ್ರದಲ್ಲಿ ನಿನ್ನ ತುಂಡುಗಳ ಅಂಚು ಉದುರಿರುವುದು ಕಾಣುತ್ತಿದೆ. ಅದು ಅಂಟು ಕಡಿಮೆಯಾದದ್ದರಿಂದಲ್ಲ, ಕೈ ಭಾರ ಕಡಿಮೆಯಾದದ್ದರಿಂದ. ಕಾಕಾ ಕಳುಹಿಸುವ ಸಿಪ್ಪೆಯ ಗೋಡಂಬಿಯನ್ನು ಹಾಕುವುದಾದರೆ ಸಿಪ್ಪೆಯನ್ನು ಉಜ್ಜಿ ತೆಗೆ, ಇಲ್ಲದಿದ್ದರೆ ನಾಲಗೆಗೆ ಒಗರು ಹತ್ತುತ್ತದೆ.

ಮಡಗಾಂವ್ ಕಾಕಾ, 11:46
ಅತ್ತೆಯ ಮಾತು ಓದಿ ನಿನ್ನ ಕಾಕು ಗೋದಿಹಿಟ್ಟಿನ ಡಬ್ಬದ ಹಿಂದಿನಿಂದ ಆ ಡಬ್ಬಿಯನ್ನು ತೆಗೆದು ನೋಡಿದಳು. ಉಳಿದ 6 ತುಂಡುಗಳ ಮೇಲೆ ಬೂದು ಬಣ್ಣದ ಹತ್ತಿಯಂಥದ್ದು ಬೆಳೆದಿದೆ. ಮೇಲಿನದನ್ನು ಕೆರೆದು ತೆಗೆದರೆ ಒಳಗಿನದು ಸರಿಯಿರಬಹುದೇ ಎಂಬುದು ನನ್ನ ಪ್ರಶ್ನೆ.

ವಾಶಿ ಭಾವ, 11:48
ಕಾಕಾ, ಡಬ್ಬಿಯಲ್ಲಿರುವುದೆಲ್ಲ ಕಸದ ಬುಟ್ಟಿಗೆ ಹೋಗಬೇಕು. ಬೂಷ್ಟು ಕಣ್ಣಿಗೆ ಕಾಣುವಷ್ಟೇ ಇರುವುದಿಲ್ಲ, ಒಳಗೂ ಇಳಿದಿರುತ್ತದೆ. ಶೇಂಗಾದಂಥ ಕಾಳುಗಳಿಗೆ ಹತ್ತುವ ಕೆಲವು ಬೂಷ್ಟುಗಳಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಬಿಸಿ ಮಾಡಿದರೂ ಹೋಗುವುದಿಲ್ಲ.

ಅಜ್ಜ, ಮಧ್ಯಾಹ್ನ 12:30
ಬೆಳಗಿನಿಂದ ಓದುತ್ತಿದ್ದೇನೆ. ಗೋಕಾಕದವರಾಗಿದ್ದೂ ನೀವು ಇದನ್ನು ಹೊಸ ಪದಾರ್ಥವೆಂಬಂತೆ ಚರ್ಚಿಸುತ್ತಿರುವುದು ನನಗೆ ಸೋಜಿಗವಾಗಿದೆ. ಕರಿದ ಅಂಟು, ಅಂದರೆ ತಿನ್ನುವ ಗೋಂದು, ಸೇರಿದ್ದರಿಂದ ನಮ್ಮೂರಿನ ಸಿಹಿಗೆ ಕರದಂಟು ಎಂಬ ಹೆಸರು ಬಂತು. ತುಪ್ಪದಲ್ಲಿ ಅರಳಿಸಿದ ಅಂಟು, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಗಸಗಸೆ, ಇವನ್ನು ಬೆಲ್ಲದ ಪಾಕಕ್ಕೆ ಹಾಕಿ ತಟ್ಟೆಗೆ ಒತ್ತಿ ಕತ್ತರಿಸಿದರೆ ನಿಮ್ಮ ಬಾರ್ ಎಂಬುದು ಆಯಿತು. ಅಮೀನಗಡದವರು ತಮ್ಮದೇ ಮೇಲು ಎನ್ನುತ್ತಾರೆ. ಆ ವಾದಕ್ಕೆ ಇನ್ನೊಂದು ಭಾನುವಾರ ಬೇಕಾಗುತ್ತದೆ. ಬಾರ್ ಎಂಬ ಶಬ್ದಕ್ಕೆ ‘ಪಟ್ಟಿ’ ಎಂದರೆ ಕಿರಾಣಿ ಅಂಗಡಿಯ ನೆನಪಾಗುತ್ತದೆ. ‘ವಡಿ’ ಎನ್ನಿ, ನಮ್ಮ ಕಡೆಯವರಿಗೂ ಮರಾಠಿ ನೆರೆಯವರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ.

ಪುಣೆ ಅಕ್ಕ, 12:52
ಅಜ್ಜ, ವಡಿ ಎಂಬ ಹೆಸರನ್ನು ಸ್ವೀಕರಿಸಿದ್ದೇನೆ. ಕಾಕಾ, ಆ 261ಕ್ಕೂ ಬೂಷ್ಟಿಗೂ ನನ್ನ ತಪ್ಪಿದೆ, ಕ್ಷಮಿಸಿ. ಆದರೆ ಒಂದು ಮಾತು ಕೇಳಲೇಬೇಕು. ಖರ್ಜೂರದ ಸಿಹಿಗೆ ಇಷ್ಟು ವಿಚಾರಣೆ ನಡೆಯಿತು. ಕರದಂಟಿನ ಬೆಲ್ಲವನ್ನು ಮಾತ್ರ ಯಾರೂ ಏಕೆ ಕೇಳಲಿಲ್ಲ? ಬೆಲ್ಲವೂ ಬಹುಪಾಲು ಸಕ್ಕರೆಯೇ, ಖರ್ಜೂರದಲ್ಲಿರುವ ನಾರೂ ಅದರಲ್ಲಿಲ್ಲ. ಅತ್ತೆ, ನನ್ನ ಬಾಣಂತನದಲ್ಲಿ ನೀವು ದಿನಕ್ಕೆ ಎರಡರಂತೆ ಅಂಟಿನ ಉಂಡಿ ತಿನ್ನಿಸಿ, ಸೊಂಟಕ್ಕೆ ಶಕ್ತಿ ಬರುತ್ತದೆ ಎಂದಿರಲ್ಲ, ಅದಕ್ಕೆ ಯಾವ ಪೊಟ್ಟಣದ ಆಧಾರವಿತ್ತು? ಹಳೆಯದಾದರೆ ಸಂಪ್ರದಾಯ, ಹೊಸದಾದರೆ ಸುಳ್ಳು ಎಂಬ ನ್ಯಾಯ ನನಗೆ ಒಪ್ಪಿಗೆಯಿಲ್ಲ.

ನಾನು, 12:55
ಈ ಪ್ರಶ್ನೆಗೆ ಅತ್ತೆಯೇ ಉತ್ತರಿಸಬೇಕು. ನಾನು ಊಟಕ್ಕೆ ಹೋಗುತ್ತಿದ್ದೇನೆ.

ಡೊಂಬಿವಲಿ ಅತ್ತೆ, 1:40
ಕೇಳಿದ್ದು ಸರಿಯಾಗಿದೆ. ಬಾಣಂತಿಗೆ ತುಪ್ಪ, ಬೆಲ್ಲ, ಕೊಬ್ಬರಿ ಹೊಟ್ಟೆಗೆ ಹೋದರೆ ದಣಿದ ಮೈಗೆ ಕಸುವು ಬಂದೀತು. ಸೊಂಟದ ವಿಷಯ ನನ್ನ ಅತ್ತೆ ನನಗೆ ಹೇಳಿದ್ದನ್ನು ನಾನು ನಿನಗೆ ಹೇಳಿದೆ, ಅಷ್ಟೆ. ಆದರೆ ಡಬ್ಬಿಯನ್ನು ಕಾಕಾನ ಕೈಗೆ ಕೊಟ್ಟು ಇದು ಸಿಹಿಯಲ್ಲ ಎಂದು ಮಾತ್ರ ನಾನು ಎಂದೂ ಹೇಳಿಲ್ಲ. ದೀಪಾವಳಿಗೆ ಕರದಂಟು ಮಾಡಿದಾಗ ಅವನಿಗೆ ಎಣಿಸಿ ಒಂದೇ ಕೊಡುತ್ತೇನೆ, ಅದೂ ಊಟದಲ್ಲಿ ಅನ್ನ ಕಡಿಮೆ ಮಾಡಿಸಿ.

ಪುಣೆ ಅಕ್ಕ, 2:15
ಬೆಳಗಿನ ಸಂದೇಶವನ್ನು ಅಳಿಸಿದ್ದೇನೆ. ಗೆಳತಿಯರ ಗುಂಪಿಗೂ ಈಗ ಕಳುಹಿಸಿರುವುದು ಇದನ್ನೇ: ‘ಖರ್ಜೂರದ ವಡಿ. ಒಂದು ತುಂಡಿನಲ್ಲಿ ಸುಮಾರು 3 ಚಮಚ ಸಕ್ಕರೆಯಷ್ಟು ಸಿಹಿ ಇದೆ. ಬೆಟ್ಟ ಹತ್ತುವವರಿಗೆ, ಸಂಜೆ ಲೋಕಲ್ ರೈಲಿನಲ್ಲಿ ಹಸಿದು ನಿಂತವರಿಗೆ ಒಂದು ತುಂಡು ಸಾಕು. ಮಧುಮೇಹ ಇರುವವರು ಸಿಹಿತಿನಿಸೆಂದೇ ಎಣಿಸಿ ತಿನ್ನಬೇಕು. ಖರ್ಜೂರವನ್ನು ನೆನೆಸಬಾರದು; ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು.’ ಕ್ರ್ಯಾನ್‌ಬೆರಿಯನ್ನು ಕೈಬಿಟ್ಟಿದ್ದೇನೆ. ಆ 50 ಗ್ರಾಮಿನ ಜಾಗಕ್ಕೆ ಅಂಟನ್ನು ಕರಿದು ಹಾಕಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಹೋದ ಸಲ ನಾನು ಕರಿದ ಅಂಟು ಹೊರಗೆ ಅರಳಿದಂತೆ ಕಂಡರೂ ಒಳಗೆ ಕಲ್ಲಾಗಿ ಹಲ್ಲಿಗೆ ಹತ್ತಿಕೊಂಡಿತು.

ಡೊಂಬಿವಲಿ ಅತ್ತೆ, 2:31
50 ಗ್ರಾಂ ಬೇಡ, 30 ಸಾಕು. ಅರಳಿದ ಮೇಲೆ ಅದು ಬಾಣಲೆ ತುಂಬುತ್ತದೆ. ದೊಡ್ಡ ಹರಳುಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕಡಲೆಬೇಳೆಯಷ್ಟು ಸಣ್ಣಗೆ ಒಡೆದುಕೋ. ಬಿಸಿಲು ಬಿದ್ದ ದಿನ ಒಂದೆರಡು ಗಂಟೆ ಹೊರಗಿಡು, ಬಿಸಿಲಿಲ್ಲದಿದ್ದರೆ ಹುರಿದ ಬಾಣಲೆಯ ಆರುವ ಕಾವಿನಲ್ಲಿ ಇಡು. ತುಪ್ಪ ಕಾದಿದೆಯೋ ಎಂದು ತಿಳಿಯಲು ಮೊದಲು ಒಂದೇ ಒಂದು ಹರಳು ಹಾಕು; ಅದು ತಳಕ್ಕೆ ಹೋಗಿ ಕೂಡಲೇ ಉಬ್ಬಿ ಮೇಲೆ ಬಂದರೆ ಉರಿ ಸಣ್ಣ ಮಾಡಿ ಉಳಿದದ್ದನ್ನು ಒಂದೊಂದೇ ಹಿಡಿ ಹಾಕು. ತೆಗೆದದ್ದನ್ನು ಬೆರಳಿನಲ್ಲಿ ಒತ್ತಿ ನೋಡು, ಪುಡಿಯಾಗಬೇಕು. ಆಗದಿದ್ದರೆ ನನಗೆ ವಿಡಿಯೋ ಕಾಲ್ ಮಾಡು, ನಾಲ್ಕು ಗಂಟೆಯ ನಂತರ.