ಮನೆ ಕೊಳ್ಳುವಾಗ ನಮ್ಮದೇ ವಕೀಲರು ಬೇಕಾ, ಬ್ಯಾಂಕಿನ ಲೀಗಲ್ ಸಾಕಾ?

ನಾಗರಬಾವಿ ಹುಡುಕಾಟ:
ನಾಗರಬಾವಿಯಲ್ಲಿ ಥರ್ಟಿ ಫಾರ್ಟಿ ಸೈಟಿನ ಹಳೇ ಮನೆಯೊಂದು ಹೆಚ್ಚೂಕಮ್ಮಿ ಕುದುರಿದೆ, 2 ಕೋಟಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟು. ಮನೆ ಯಜಮಾನರು ತೀರಿಕೊಂಡಿದಾರೆ, ಇ-ಖಾತೆ ಅವರ ಹೆಂಡತಿ ಹೆಸರಿಗಾಗಿದೆ, ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್. ಅಮ್ಮ-ಮಗ ಸೇರಿ ಮಾರ್ತಿದಾರೆ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದಾರೆ. ಲೋನ್ ಕೊಡೋ ಬ್ಯಾಂಕಿನ ವಕೀಲರು ಹೇಗೂ ಪತ್ರ ನೋಡ್ತಾರೆ, ಕ್ರಯಪತ್ರ ಬರೆಯೋಕೆ ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಜನ ಇದಾರೆ, ಬೇರೆ ವಕೀಲರಿಗೆ 30 ಸಾವಿರ ಯಾಕೆ ಸುರೀತೀರಿ ಅಂತಾರೆ ಬ್ರೋಕರ್. ನಿಮ್ಮ ಅಭಿಪ್ರಾಯ ಹೇಳಿ.

ಬಾಡಿಗೆದಾರ:
ಬ್ರೋಕರ್ ಹೇಳೋದ್ರಲ್ಲಿ ತಪ್ಪೇನಿದೆ? ಲೀಗಲ್ ಒಪಿನಿಯನ್ ಅಂತ ಹತ್ತು ಪುಟ ಕೊಡ್ತಾರೆ, ಒಂಬತ್ತು ಪುಟ ಕಾಪಿ ಪೇಸ್ಟ್, ಕೊನೇ ಪುಟದಲ್ಲಿ "ಮೂಲ ದಾಖಲೆಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು". ಪರಿಶೀಲಿಸೋಕೆ ತಾನೇ ನಿಮಗೆ ದುಡ್ಡು ಕೊಟ್ಟಿದ್ದು ಸ್ವಾಮಿ!

ಕರಿಕೋಟು:
ಮೇಲಿನವರ ಸಿಟ್ಟು ಅರ್ಥವಾಗುತ್ತೆ, ಅಂಥ ಒಪಿನಿಯನ್‌ಗಳನ್ನು ನಾನೂ ನೋಡಿದ್ದೇನೆ. ಆದರೆ ಇಲ್ಲಿ ವಿಷಯ ಬೇರೆ. ಬ್ಯಾಂಕಿನ ವಕೀಲರು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯಾ ಅಂತ ನೋಡುತ್ತಾರೆ. ಅವರ ವರದಿ ಬ್ಯಾಂಕಿಗೆ ಹೋಗುತ್ತದೆ, ಎಷ್ಟೋ ಸಲ ಕೊಳ್ಳುವವರ ಕೈಗೆ ಸಿಗುವುದೇ ಇಲ್ಲ. ನಾಳೆ ತಕರಾರು ಬಂದರೂ ನೀವು ಕಂತು ಕಟ್ಟಲೇಬೇಕು.
ನೀವು ಕೊನೆಯಲ್ಲಿ ಬರೆದ ಸಾಲೇ ನನಗೆ ಮುಖ್ಯ ಅನ್ನಿಸಿದ್ದು. ಆ ಹೆಣ್ಣುಮಕ್ಕಳು ಸಹಿ ಹಾಕುತ್ತಾರಾ?

ನಾಗರಬಾವಿ ಹುಡುಕಾಟ:
ಅವರಿಗೆ ಮದುವೇಲಿ ಕೊಡೋದೆಲ್ಲ ಕೊಟ್ಟಾಯ್ತು, ಖಾತೆ ಅಮ್ಮನ ಹೆಸರಲ್ಲಿದೆ, ಅವರ ಸಹಿ ಬೇಕಿಲ್ಲ ಅಂತ ಮಗ ಹೇಳಿದ್ರು.

ವಿಜಯನಗರ ರಾಯರು:
ಹೆಣ್ಣುಮಕ್ಕಳ ಆಸ್ತಿ ಹಕ್ಕಿನ 2005ರ ಕಾನೂನಿಗೆ ಮುಂಚೆ ಮದುವೆ ಆಗಿದ್ರೆ ಹೆಣ್ಣುಮಕ್ಕಳಿಗೆ ಪಾಲಿಲ್ಲ. ಯಾವಾಗ ಮದುವೆ ಆಯ್ತು ಕೇಳಿ.

ಕರಿಕೋಟು:
ರಾಯರೇ, ದಯವಿಟ್ಟು ಇದನ್ನು ಹರಡಬೇಡಿ. 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಗೆ ಸಂಬಂಧಿಸಿದ್ದು, ಅಲ್ಲೂ ಮದುವೆಯಾಯಿತು ಅಂತ ಮಗಳ ಹಕ್ಕು ಹೋಗುವುದಿಲ್ಲ. ಇದು ಅಪ್ಪನಿಗೆ ಬಿಡಿಎ ಹಂಚಿದ ಸೈಟು ಅಂದರೆ ಸ್ವಯಾರ್ಜಿತ. ಸ್ವಯಾರ್ಜಿತ ಆಸ್ತಿಯನ್ನು ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನ ಪ್ರಕಾರ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಮೊದಲಿನಿಂದಲೂ ಹೀಗೇ ಇದೆ. ಇಲ್ಲಿ ನಾಲ್ಕು ಪಾಲು. ಅಮ್ಮ-ಮಗ ಬರೆದುಕೊಟ್ಟರೆ ಅರ್ಧ ಆಸ್ತಿಯ ಹಕ್ಕು ಬರುತ್ತೆ, ಉಳಿದರ್ಧಕ್ಕೆ ಹೆಣ್ಣುಮಕ್ಕಳು ವಿಭಾಗದ ದಾವೆ ಹೂಡಬಹುದು. ತೀರಿಕೊಂಡವರ ತಾಯಿ ಆಗ ಬದುಕಿದ್ದರಾ ಅಂತಲೂ ಕೇಳಿ. ಇದ್ದಿದ್ದರೆ ಅವರದೂ ಒಂದು ಪಾಲು. ಇದನ್ನು ಕೇಳೋಕೆ ಎಲ್ಲರೂ ಮರೆಯುತ್ತಾರೆ.
ಇನ್ನು ಖಾತೆ. ಅದು ತೆರಿಗೆ ಕಟ್ಟುವವರ ಹೆಸರು ತೋರಿಸುವ ದಾಖಲೆ. ಇ-ಖಾತೆ ಇಲ್ಲದೆ ಈಗ ನೋಂದಣಿ ಆಗಲ್ಲ, ನಿಜ. ಹಾಗಂತ ಖಾತೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ.

ಬಾಡಿಗೆದಾರ:
ಇಸಿ ಕ್ಲೀನ್ ಇದೆಯಲ್ಲ?

ಪತ್ರ ಬರಿಯೋನು:
ಇಸಿಲಿ ಬರೋದು ರಿಜಿಸ್ಟರ್ ಆದದ್ದು ಮಾತ್ರ ಸಾರ್. ಸಾವು ರಿಜಿಸ್ಟರ್ ಆಫೀಸಲ್ಲಿ ಆಗುತ್ತಾ? ಮನೇಲೇ ಬರೆದಿಟ್ಟ ವಿಲ್ಲು, ಕೋರ್ಟಲ್ಲಿರೋ ಕೇಸು, ಕೈಸಾಲಕ್ಕೆ ಒತ್ತೆ ಇಟ್ಟ ಒರಿಜಿನಲ್ಲು, ಯಾವುದೂ ಕಾಣದೇ ಇರಬಹುದು. ಕೇಸಿಗೆ ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಅಮ್ಮ-ಮಗ ಇಬ್ಬರ ಹೆಸರೂ ಹಾಕಿ ನೋಡಿ, ಕಾಗುಣಿತ ಬದಲಿಸಿ ಬದಲಿಸಿ ನೋಡಿ.
ನಮ್ಮವರ ಪರ ಒಂದು ಮಾತು. ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಅಳತೆ, ಸೈಟ್ ನಂಬರು ನಾವು ಬರೆದಷ್ಟು ಸರಿಯಾಗಿ ದೊಡ್ಡ ದೊಡ್ಡ ವಕೀಲರ ಡ್ರಾಫ್ಟಲ್ಲೂ ಇರಲ್ಲ. ಪೂರ್ವಕ್ಕೆ ರಸ್ತೆ ಇರೋದನ್ನ ಪಶ್ಚಿಮಕ್ಕೆ ಹಾಕಿ ಆಮೇಲೆ ತಿದ್ದುಪಡಿ ಪತ್ರಕ್ಕೆ ನಮ್ಮ ಹತ್ರಾನೇ ಬರ್ತಾರೆ. ಆದ್ರೆ ಹಕ್ಕು ಯಾರದು ಅಂತ ನನ್ನ ಕೇಳಬೇಡಿ, ಹೇಳಿದ್ದು ಬರಿಯೋದು ನನ್ನ ಕೆಲಸ.

ವಿಜಯನಗರ ರಾಯರು:
ಸರ್ಕಾರ ರಿಜಿಸ್ಟರ್ ಮಾಡಿಕೊಡ್ತು ಅಂದ್ರೆ ಏನು ಅರ್ಥ ಹಾಗಾದ್ರೆ? ಅಷ್ಟು ಫೀಸ್ ಕಟ್ಟಿಸ್ಕೊಳ್ತಾರೆ.

ಕರಿಕೋಟು:
ಪತ್ರ ನೋಂದಾಯಿಸುತ್ತಾರೆ, ಮಾರುವವರಿಗೆ ಹಕ್ಕಿದೆ ಅಂತ ಗ್ಯಾರಂಟಿ ಕೊಡುವುದಿಲ್ಲ. ಹಕ್ಕು ವಿಚಾರಿಸುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಮತ್ತೆ ಹೇಳಿದೆ.
ಫೀಸಿನ ಮಾತು ಬಂತಲ್ಲ: ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು-ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2%. ಒಟ್ಟು 7.6%, 2 ಕೋಟಿಗೆ 15 ಲಕ್ಷ 20 ಸಾವಿರ. ಇಷ್ಟು ಕಟ್ಟುವವರಿಗೆ 30 ಸಾವಿರ ದಂಡ ಅನ್ನಿಸಬಾರದು.

ಬಾಡಿಗೆದಾರ:
ವಕೀಲರು ವಕೀಲರ ಫೀಸಿನ ಪರ. ಆಶ್ಚರ್ಯ ಏನಿಲ್ಲ 😀 ಆದ್ರೆ ನಾಲ್ಕು ಪಾಲಿನ ಲೆಕ್ಕ ಒಪ್ಪಿದೆ. ಬ್ರೋಕರ್ ಅಂತೂ ಇದನ್ನ ಹೇಳ್ತಿರಲಿಲ್ಲ.

ಸೊಸೆ ಮಗಳು ಎರಡೂ:
ಕಾನೂನು ಬಿಡಿ, "ಕೊಡೋದೆಲ್ಲ ಕೊಟ್ಟಾಯ್ತು" ಅಂತ ಅಣ್ಣ ಹೇಳ್ತಿರೋದು. ತಂಗಿಯರನ್ನ ಯಾರಾದ್ರೂ ಕೇಳಿದಾರಾ? ಮನೆ ಮಾರ್ತಿರೋದಾದ್ರೂ ಅವರಿಗೆ ಗೊತ್ತಾ? ನಾನಾಗಿದ್ರೆ ಅಡ್ವಾನ್ಸ್ ಕೊಡೋ ಮುಂಚೆ ಇಬ್ಬರನ್ನೂ ನೇರವಾಗಿ ಮಾತಾಡಿಸ್ತಿದ್ದೆ.

ನಾಗರಬಾವಿ ಹುಡುಕಾಟ:
ಬೆಳಿಗ್ಗೆ ಮಗನಿಗೆ ಫೋನ್ ಮಾಡಿ ಕೇಳ್ದೆ. ಈಗ ಅಪ್ಪ, ಅಮ್ಮನ ಹೆಸರಿಗೇ ವಿಲ್ ಬರೆದಿದ್ರು, ರಿಜಿಸ್ಟರ್ ಮಾಡಿಸಿಲ್ಲ ಅಂತಿದಾರೆ. ಮೊದಲು ಈ ಮಾತೇ ಇರಲಿಲ್ಲ.

ಕರಿಕೋಟು:
ವಿಲ್ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆದರೆ ಕೇಳಿದ ಮೇಲೆ ಹೊರಬಂದ ವಿಲ್ ನಂಬಿ ನಾನಂತೂ ಕ್ಲಿಯರೆನ್ಸ್ ಕೊಡಲ್ಲ. ವಿಲ್ ನಿಜವೇ ಆಗಿದ್ದರೆ ಹೆಣ್ಣುಮಕ್ಕಳು ಮಾರಾಟಕ್ಕೆ ತಮ್ಮ ತಕರಾರಿಲ್ಲ ಅಂತ ಕ್ರಯಪತ್ರಕ್ಕೆ ಒಪ್ಪಿಗೆ ಸಾಕ್ಷಿಗಳಾಗಿ ಸಹಿ ಹಾಕಲಿ. ಇಲ್ಲದಿದ್ದರೆ ನಾಲ್ವರೂ ಸೇರಿ ಮಾರಲಿ, ಅಥವಾ ಅವರಿಬ್ಬರೂ ಮೊದಲು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಲಿ. ಮೂರೂ ಬೇಡ ಅಂದರೆ ಬೇರೆ ಮನೆ ನೋಡಿ.

ಪತ್ರ ಬರಿಯೋನು:
ನಾಲ್ವರೂ ಮಾರೋದಾದ್ರೆ ನಾಲ್ವರ ಪ್ಯಾನ್ ನಂಬರೂ ಮೊದಲೇ ಇಸ್ಕೊಳ್ಳಿ. ಕೊಡೋ ದುಡ್ಡಲ್ಲಿ ನೀವೇ ಹಿಡಿದು ಕಟ್ಟೋ 1% ತೆರಿಗೆ, ಅಂದ್ರೆ ಟಿಡಿಎಸ್, ಒಬ್ಬೊಬ್ಬರ ಹೆಸರಲ್ಲೂ ಬೇರೆ ಬೇರೆ ಕಟ್ಟಬೇಕು. ಟಿಡಿಎಸ್‌ಗಿರೋ 50 ಲಕ್ಷದ ಮಿತಿಗಿಂತ ಒಬ್ಬೊಬ್ಬರ ಪಾಲು ಕಮ್ಮಿ ಬಂದ್ರೂ ಬಿಡಲ್ಲ, ಈಗ ಒಟ್ಟು ಬೆಲೆ ನೋಡ್ತಾರೆ. ಹೆಣ್ಣುಮಕ್ಕಳಲ್ಲಿ ಯಾರಾದ್ರೂ ಫಾರಿನ್ನಲ್ಲಿ ಇದಾರಾ? ಇದ್ರೆ ಟಿಡಿಎಸ್ ಲೆಕ್ಕಾನೇ ಬೇರೆ, ಅಡ್ವಾನ್ಸ್ ಚೆಕ್ ಬರಿಯೋ ಮುಂಚೆ ಆಡಿಟರ್‌ನ ಕೇಳಿ.